ಕರಿಕೋಟಿನ ವಕೀಲರು

ಪೊಲೀಸರು ಒಬ್ಬರನ್ನು ಹಿಡಿದರು. ಅಷ್ಟಕ್ಕೇ ಅವರು ಕಳ್ಳರು ಅಂತ ಆಯಿತೇ? ಇಲ್ಲ. ಅದನ್ನು ತೀರ್ಮಾನ ಮಾಡೋದು ಕೋರ್ಟು. ಅಲ್ಲಿ ಅವರ ಪರವಾಗಿ ಮಾತಾಡುವವರು ಕ್ರಿಮಿನಲ್ ವಕೀಲರು. ಅವರು ಜಾಮೀನು ಕೇಳುತ್ತಾರೆ. ಸಾಕ್ಷಿಯನ್ನು ಪ್ರಶ್ನೆ ಮಾಡುತ್ತಾರೆ. ಕತ್ತಲಲ್ಲಿ ಮುಖ ಹೇಗೆ ಕಂಡಿತು? ಎಷ್ಟು ದೂರದಿಂದ ನೋಡಿದಿರಿ?

"ತಪ್ಪು ಮಾಡಿದವರ ಪರ ಯಾಕೆ ನಿಲ್ಲಬೇಕು?" ಅಂತ ನಾವು ಕೇಳ್ತೀವಿ. ತಪ್ಪು ಮಾಡಿದರೋ ಇಲ್ಲವೋ ತಿಳಿಯೋಕೆ ತಾನೇ ವಿಚಾರಣೆ?

ವಕೀಲರೇ ಇಲ್ಲದಿದ್ದರೆ? ಬಿಹಾರದ ಜೈಲುಗಳ ಸುದ್ದಿ 1979ರಲ್ಲಿ ಪತ್ರಿಕೆಯಲ್ಲಿ ಬಂತು. ಬಡವರು ವಿಚಾರಣೆ ಇಲ್ಲದೆ ವರ್ಷಗಟ್ಟಲೆ ಒಳಗಿದ್ದರು. ಶಿಕ್ಷೆ ಆಗಿದ್ದರೂ ಕೆಲವರು ಅಷ್ಟು ಕಾಲ ಇರಬೇಕಾಗಿರಲಿಲ್ಲ. ಕೆಲವು ಹೆಂಗಸರ ಮೇಲಂತೂ ಯಾವ ಆಪಾದನೆಯೂ ಇಲ್ಲ. ಅನ್ಯಾಯ ಆಗಿದ್ದೇ ಅವರಿಗೆ. ಸಾಕ್ಷಿ ಹೇಳಲು ಬೇಕು ಅಂತ ಅವರನ್ನೇ ಜೈಲಿನಲ್ಲಿ ಇಟ್ಟಿದ್ದರು!

ಕಪಿಲಾ ಹಿಂಗೋರಾಣಿ ಎಂಬ ವಕೀಲೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಸಾವಿರಾರು ಜನ ಹೊರಗೆ ಬಂದರು. ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಎಂದು ಕೋರ್ಟು ಹೇಳಿತು.

ಇದಕ್ಕೆ 1987ರಲ್ಲಿ ಕಾನೂನು ಆಯಿತು. 1995ರಲ್ಲಿ ಜಾರಿಗೆ ಬಂತು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರು ಸಿಗುತ್ತಾರೆ. ಕರಿಕೋಟು ಕಂಡರೆ ಫೀಸು ಎಷ್ಟೋ ಅಂತ ಹೆದರಬೇಕಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. ಅರ್ಜಿ ಬರೆಯೋದು ಕಷ್ಟವಾದರೆ ಬಾಯಲ್ಲಿ ಹೇಳಿ, ಅವರೇ ಬರೆದುಕೊಳ್ಳುತ್ತಾರೆ. ಸಹಿ ಮಾತ್ರ ನಮ್ಮದು. ಈಗ ಓದು ಬರುತ್ತದಲ್ಲ, ಓದಿ ನೋಡಿಯೇ ಹಾಕೋಣ. ಫೋನಿನಲ್ಲೂ ಕೇಳಬಹುದು. ನಂಬರು 15100.