ಪಂಪ್‌ಸೆಟ್ಟಿನ ಹಸಿರು ಗುಂಡಿಯೂ ಕಾರ್ಖಾನೆಯ ರೋಬೋಟೂ



ಈ ಸಲ ದಸರಾ ರಜೆಗೆ ನಾನು ಮೈಸೂರಿನ ಕುಂಬಾರಕೊಪ್ಪಲಿನಲ್ಲಿರುವ ಮಾವನ ಮನೆಗೆ ಹೋಗಿದ್ದೆ. ಜಂಬೂ ಸವಾರಿ, ದೀಪಾಲಂಕಾರ ಎಲ್ಲ ನೋಡಿದೆ. ಅದರ ಬಗ್ಗೆ ಪ್ರತಿ ವರ್ಷ ಯಾರಾದರೂ ಬರೆದೇ ಬರೆಯುತ್ತಾರೆ. ಆದ್ದರಿಂದ ನಾನು ಮಾವನ ಕೆಲಸದ ಬಗ್ಗೆ ಬರೆಯುತ್ತೇನೆ.

ಮಾವ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ವೆಲ್ಡರ್. ಎರಡು ವರ್ಷದ ಹಿಂದೆ ಅವರ ಸಾಲಿಗೆ ವೆಲ್ಡಿಂಗ್ ಮಾಡುವ ರೋಬೋಟ್ ಬಂತು. ಐದು ಜನ ಮಾಡುತ್ತಿದ್ದ ಕೆಲಸಕ್ಕೆ ಮೂರು ಜನ ಸಾಕಾಯಿತು. ಕಾಂಟ್ರಾಕ್ಟ್ ಮೇಲಿದ್ದ ಇಬ್ಬರು ಮನೆಗೆ ಹೋದರು. ಮಾವ ಉಳಿದರು. ಯಾಕೆ ಉಳಿದರು ಎಂದು ಕೇಳಿದ್ದಕ್ಕೆ, "ನೋಡು ಮಗ, ಅದಕ್ಕೆ ಬೆಸುಗೆ ಹಾಕಕ್ಕೆ ಬರ್ತದೆ, ಬೆಸುಗೆ ಚೆನ್ನಾಗಿದ್ಯೋ ಇಲ್ವೋ ಗೊತ್ತಾಗಲ್ಲ. ಅದನ್ನ ನೋಡೋಕೆ ನಾನು ಬೇಕು" ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೋದ ಇಬ್ಬರಲ್ಲಿ ಒಬ್ಬರು ಅವರ ಸ್ನೇಹಿತರು.

ರೋಬೋಟ್ ಎಂದರೆ ಸಿನಿಮಾದಲ್ಲಿ ಬರುವ ಹಾಗೆ ಕಣ್ಣು ಮೂಗು ಇರುವ ಗೊಂಬೆ ಅಲ್ಲ. ಒಂದು ಕೈ ಮಾತ್ರ. ಸೊಂಟ, ಭುಜ, ಮೊಣಕೈ, ಮಣಿಕಟ್ಟಿನಲ್ಲಿ ಮೂರು ತಿರುವು, ಒಟ್ಟು ಆರು ಕೀಲು. ಒಂದೊಂದು ಕೀಲಿಗೂ ಒಂದೊಂದು ಮೋಟಾರ್. 'ರೋಬೋಟ್' ಎಂಬ ಪದವೇ 1920ರಲ್ಲಿ ಕಾರೆಲ್ ಚಾಪೆಕ್ ಎಂಬ ಚೆಕ್ ಲೇಖಕರು ಬರೆದ ನಾಟಕದಿಂದ ಬಂದದ್ದು. ಅವರ ಭಾಷೆಯಲ್ಲಿ 'ರೊಬೊಟಾ' ಅಂದರೆ ಬಿಟ್ಟಿ ಚಾಕರಿ. ಕಾರ್ಖಾನೆಯಲ್ಲಿ ಮೊದಲು ದುಡಿದ ರೋಬೋಟ್ ಯೂನಿಮೇಟ್. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ, ಅಚ್ಚಿನಿಂದ ಬಂದ ಕಾದ ಲೋಹದ ತುಂಡುಗಳನ್ನು ಎತ್ತಿಡುವುದು ಅದರ ಕೆಲಸ.

ಈ ಕೈಗೆ ಯಾವಾಗ ಏಳು, ಯಾವಾಗ ನಿಲ್ಲು ಎಂದು ಹೇಳುವವರು ಯಾರು? ಇದು ತಿಳಿಯಬೇಕಾದರೆ ನಮ್ಮ ತೋಟದ ಪಂಪ್‌ಸೆಟ್ ಸ್ಟಾರ್ಟರ್ ನೆನಪು ಮಾಡಿಕೊಳ್ಳಿ. ಹಸಿರು ಗುಂಡಿ ಒತ್ತಿ ಬೆರಳು ತೆಗೆದರೂ ಮೋಟಾರ್ ಓಡುತ್ತಲೇ ಇರುತ್ತದೆ. ಯಾಕೆ? ನಾನೂ ಇಷ್ಟು ದಿನ ಯೋಚನೆ ಮಾಡಿರಲಿಲ್ಲ. ಗುಂಡಿ ಒತ್ತಿದಾಗ ಒಳಗಿನ ಸುರುಳಿಗೆ ಕರೆಂಟ್ ಹೋಗಿ ಅದು ಅಯಸ್ಕಾಂತವಾಗುತ್ತದೆ (ನಮ್ಮ ವಿಜ್ಞಾನ ಪಾಠದಲ್ಲೇ ಇದೆ). ಅದು ಕಬ್ಬಿಣದ ತುಂಡನ್ನು ಎಳೆದು ಮೋಟಾರಿಗೆ ಕರೆಂಟ್ ಕೊಡುತ್ತದೆ. ಜೊತೆಗೆ ಪಕ್ಕದಲ್ಲಿ ಒಂದು ಚಿಕ್ಕ ಸಂಪರ್ಕವೂ ಕೂಡಿಕೊಳ್ಳುತ್ತದೆ. ಬೆರಳು ತೆಗೆದ ಮೇಲೆ ಸುರುಳಿಗೆ ಕರೆಂಟ್ ಈ ಚಿಕ್ಕ ದಾರಿಯಿಂದ ಬರುತ್ತದೆ. ಅಂದರೆ ಅದು ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ! ಕೆಂಪು ಗುಂಡಿ ಒತ್ತಿದರೆ ಆ ದಾರಿ ಕಡಿಯುತ್ತದೆ. ಕರೆಂಟ್ ಹೋದರೂ ಹಾಗೇ. ಅದಕ್ಕೇ ರಾತ್ರಿ ಕರೆಂಟ್ ವಾಪಸ್ ಬಂದಾಗ ಮೋಟಾರ್ ತಾನಾಗಿ ಹೊರಡುವುದಿಲ್ಲ, ಅಪ್ಪ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು.

ಹಿಂದೆ ಕಾರ್ಖಾನೆಗಳಲ್ಲಿ ಇಂಥ ನೂರಾರು ಸುರುಳಿಗಳನ್ನು ಬೀರುವಿನಲ್ಲಿ ತುಂಬಿ ತಂತಿ ಎಳೆಯುತ್ತಿದ್ದರಂತೆ. ಕೆಲಸದ ಕ್ರಮ ಬದಲಾದರೆ ತಂತಿಯನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಇದು ಬೇಡವೆಂದು 1969ರ ಹೊತ್ತಿಗೆ ಅಮೆರಿಕದಲ್ಲಿ ಮೋಡಿಕಾನ್ ಎಂಬ ಪೆಟ್ಟಿಗೆ ಮಾಡಿದರು. ಈಗ ಅಂಥದ್ದಕ್ಕೆ ಪಿ.ಎಲ್.ಸಿ. ಎನ್ನುತ್ತಾರೆ. ಗುಂಡಿ ಒತ್ತಿದೆಯಾ, ಬಾಗಿಲು ಮುಚ್ಚಿದೆಯಾ, ತುಂಡು ಬಂದಿದೆಯಾ ಎಂದು ಅದು ನೋಡುತ್ತದೆ, ಬರೆದಿಟ್ಟ ಕ್ರಮದಂತೆ ಲೆಕ್ಕ ಹಾಕುತ್ತದೆ, ಆಜ್ಞೆ ಕೊಡುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ಹೀಗೆ ಸುತ್ತುತ್ತದೆ. ಕ್ರಮ ಬರೆಯುವ ಚಿತ್ರ ಏಣಿಯ ಹಾಗಿರುತ್ತದೆ. ಕಲಿಯುವವರು ಮೊದಲು ಬರೆಯುವುದು ಸಾಮಾನ್ಯವಾಗಿ ಇದೇ ಪಂಪ್‌ಸೆಟ್ ಸ್ಟಾರ್ಟರಿನ ಮೆಟ್ಟಿಲು.

ಮಾವ ಈಗ ರೋಬೋಟಿಗೆ ದಾರಿ ಕಲಿಸುತ್ತಾರೆ. ಕೈಯಲ್ಲಿ ಹಿಡಿಯುವ ಒಂದು ಹಲಗೆಯಂಥ ಪೆಟ್ಟಿಗೆ ಇದೆ. ಅದರ ಹಿಂದಿನ ಗುಂಡಿಯನ್ನು ಅರ್ಧ ಒತ್ತಿದರೆ ಮಾತ್ರ ರೋಬೋಟ್ ಅಲ್ಲಾಡುತ್ತದೆ. ಬಿಟ್ಟರೂ ನಿಲ್ಲುತ್ತದೆ, ಗಟ್ಟಿಯಾಗಿ ಅದುಮಿದರೂ ನಿಲ್ಲುತ್ತದೆ. ಭಯವಾದಾಗ ಮನುಷ್ಯ ಎರಡರಲ್ಲಿ ಒಂದು ಮಾಡುತ್ತಾನಲ್ಲ, ಅದಕ್ಕೆ! ಕಲಿಸುವಾಗ ವೇಗವೂ ಸೆಕೆಂಡಿಗೆ 250 ಮಿಲಿಮೀಟರ್ ದಾಟುವಂತಿಲ್ಲ.

ಇದನ್ನು ಕಲಿಯುವುದು ಎಲ್ಲಿ? ಮೈಸೂರಿನಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. ಎಲ್ಲರೂ ಜಿ.ಟಿ.ಟಿ.ಸಿ. ಅನ್ನುತ್ತಾರೆ. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸಂಸ್ಥೆಯ ಶಾಖೆ ಅದು. ಎಸ್.ಎಸ್.ಎಲ್.ಸಿ. ಪಾಸಾದವರು ಡಿಪ್ಲೊಮಾ ಸೇರಬಹುದು. ಟೂಲ್ ಅಂಡ್ ಡೈ ಮೇಕಿಂಗಿಗೆ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ಕೆಲಸ. ಐ.ಟಿ.ಐ.ಯೂ ಇದೆ. 2022ರಲ್ಲಿ ಕರ್ನಾಟಕದ 150 ಸರ್ಕಾರಿ ಐ.ಟಿ.ಐ.ಗಳಿಗೆ ಹೊಸ ಯಂತ್ರಗಳು ಬಂದು, ರೋಬೋಟ್ ಕೆಲಸದ ಒಂದು ವರ್ಷದ ತರಬೇತಿಯೂ ಸೇರಿತು.

ಮಾವನ ಪಕ್ಕದ ಮನೆಯ ಅಕ್ಕ ಇಂಥ ಒಂದು ಡಿಪ್ಲೊಮಾ ಓದುತ್ತಿದ್ದಾಳೆ. ರೋಬೋಟ್ ಮುಟ್ಟಿದೆಯಾ ಅಂತ ಕೇಳಿದೆ. ನಕ್ಕು ಅಂಗೈ ತೋರಿಸಿದಳು. ಬೊಬ್ಬೆ! ಮೊದಲು ಅರ ಹಿಡಿದು ಕಬ್ಬಿಣದ ತುಂಡು ಉಜ್ಜಿಸುತ್ತಾರಂತೆ. ಮೈಕ್ರೋಮೀಟರಿನಲ್ಲಿ ಒಂದು ಮಿಲಿಮೀಟರಿನ ನೂರನೇ ಭಾಗ ಅಳೆಯಲು ಬರಬೇಕು. "ಗಣಿತದಲ್ಲಿ ಸೈನ್ ಕಾಸ್ ಬಿಡಬೇಡ ಕಣೇ, ಆ ಕೈ ಎಲ್ಲಿಗೆ ತಲುಪುತ್ತೆ ಅನ್ನೋದು ಪೂರ್ತಿ ಅದೇ ಲೆಕ್ಕ" ಎಂದಳು. ನಾನು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಬಿಟ್ಟು ಬಂದದ್ದೇ ಆ ಪ್ರಶ್ನೆ.

ಊರಿಗೆ ಬಂದು ಮನೆಯಲ್ಲಿ ವಿಷಯ ಎತ್ತಿದೆ. ಹೆಣ್ಣು ಮಗು ಕಬ್ಬಿಣ ಉಜ್ಜೋದಾ ಎಂದು ಅಜ್ಜಿ ಗದರಿದರು. ಅಮ್ಮ ಪಿ.ಯು.ಸಿ. ಸೇರು ಅಂದರು. ಅಪ್ಪ ಏನೂ ಹೇಳದೆ ತೋಟಕ್ಕೆ ಹೋದವರು ಸಂಜೆ ಬಂದು, "ಆ ಸ್ಟಾರ್ಟರ್ ತನ್ನನ್ನ ತಾನೇ ಹಿಡ್ಕೋತದೆ ಅಂದ್ಯಲ್ಲ, ಬಾ, ತೋರ್ಸು" ಅಂದರು. ಮೇನ್ ಆಫ್ ಮಾಡಿ ಮುಚ್ಚಳ ಬಿಚ್ಚಿದೆವು. ಚಿಕ್ಕ ಸಂಪರ್ಕ ಅಲ್ಲೇ ಇತ್ತು, ಇರುವೆ ಗೂಡಿನ ಮಧ್ಯೆ. ಮೇ ತಿಂಗಳಲ್ಲಿ ಅರ್ಜಿ ತರೋಣ ಎಂದಿದ್ದಾರೆ. ಅಜ್ಜಿ ಇನ್ನೂ ಒಪ್ಪಿಲ್ಲ.

— 10ನೇ ತರಗತಿ ವಿದ್ಯಾರ್ಥಿನಿ