ಡಿಜಿಟಲ್ ಸಂಗೀತ ಮತ್ತು ಮನೆಬಳಕೆ: ಕೃತಿಸ್ವಾಮ್ಯ ಕಾನೂನಿನ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಸಮುದಾಯ ಭವನದ ಬಳಕೆಗೆ ಅಥವಾ ಧ್ವನಿವರ್ಧಕದ ಅನುಮತಿಗೆ ಅರ್ಜಿ ಸಲ್ಲಿಸಲು ಬರುವ ನಾಗರಿಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: "ಹಾಡು ಹಾಕುವುದಕ್ಕೂ ಲೈಸೆನ್ಸ್ ಬೇಕೆ? ಹಾಡುಗಳನ್ನು ನಾವು ಹಣ ಕೊಟ್ಟೇ ಪಡೆದಿದ್ದೇವಲ್ಲ?" ಈ ಪ್ರಶ್ನೆಯ ಎರಡನೆಯ ಭಾಗವೇ ಹೆಚ್ಚು ಮಹತ್ವದ್ದು. ಹಣ ಕೊಟ್ಟು ಪಡೆದದ್ದು ಏನನ್ನು ಎಂಬುದು ಸ್ಪಷ್ಟವಾಗದ ಹೊರತು ಮೊದಲ ಭಾಗಕ್ಕೆ ಸರಿಯಾದ ಉತ್ತರ ದೊರೆಯದು. ಆದ್ದರಿಂದ ಮನೆಯಲ್ಲಿ, ಮದುವೆಯಲ್ಲಿ ಹಾಗೂ ಅಂಗಡಿಯಲ್ಲಿ ಧ್ವನಿಮುದ್ರಿತ ಸಂಗೀತದ ಬಳಕೆಗೆ ಅನ್ವಯಿಸುವ ಕಾನೂನಿನ ಸ್ಥಿತಿಯನ್ನು ಇಲ್ಲಿ ವಿವರಿಸಲಾಗಿದೆ. ಈ ಲೇಖನವು ಕೇವಲ ಮಾಹಿತಿಗಾಗಿ ಇರುತ್ತದೆ. ವ್ಯಾಜ್ಯವಿರುವ ಸಂದರ್ಭದಲ್ಲಿ ಮೂಲ ಅಧಿನಿಯಮವನ್ನೇ ನೋಡತಕ್ಕದ್ದು.

ಖರೀದಿಯೋ, ಅನುಮತಿಯೋ?

ಗ್ರಾಮಫೋನ್ ತಟ್ಟೆ, ಕ್ಯಾಸೆಟ್ ಹಾಗೂ ಸಿ.ಡಿ.ಗಳ ಕಾಲದಲ್ಲಿ ವ್ಯವಹಾರ ಸರಳವಾಗಿತ್ತು. ಅಂಗಡಿಯಲ್ಲಿ ಹಣ ಪಾವತಿಸಿದೊಡನೆ ಕ್ಯಾಸೆಟ್ ಎಂಬ ವಸ್ತುವು ಕೊಂಡವರ ಸ್ವತ್ತಾಗುತ್ತಿತ್ತು. ಅದರೊಳಗಿನ ಹಾಡಿನ ಮೇಲಿನ ಹಕ್ಕು ಕಂಪನಿಯಲ್ಲಿಯೇ ಉಳಿಯುತ್ತಿತ್ತಾದರೂ ಆ ಕ್ಯಾಸೆಟ್ಟನ್ನು ನೆರೆಮನೆಯವರಿಗೆ ಕೇಳಲು ಕೊಡಲು, ಮಗಳಿಗೆ ಉಡುಗೊರೆಯಾಗಿ ನೀಡಲು, ನಲವತ್ತು ವರ್ಷ ಕಪಾಟಿನಲ್ಲಿಟ್ಟು ಮತ್ತೆ ತೆಗೆದು ಕೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಂಪನಿ ಮುಚ್ಚಿಹೋದರೂ ಕ್ಯಾಸೆಟ್ ಹಾಡುತ್ತಿತ್ತು.

ಇಂದು ಮೊಬೈಲ್ ದೂರವಾಣಿಯ ಆ್ಯಪ್‌ಗಳ ಮೂಲಕ ದೊರೆಯುವ ಹಾಡಿನ ಸ್ಥಿತಿ ಹಾಗಲ್ಲ. ಚಂದಾದಾರರು ಪಾವತಿಸುವುದು ಬೆಲೆಯನ್ನಲ್ಲ, ಬಾಡಿಗೆಗೆ ಹೋಲುವ ಶುಲ್ಕವನ್ನು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಅದು ಆಸ್ತಿಯ ಬದಿಗೆ ಬರುವುದೇ ಇಲ್ಲ. ಆಯಾ ತಿಂಗಳ ಖರ್ಚಾಗಿ ಮುಗಿದುಹೋಗುತ್ತದೆ. "ಡೌನ್‌ಲೋಡ್" ಎಂಬ ಪದ ಇಲ್ಲಿ ಹಲವರನ್ನು ದಾರಿ ತಪ್ಪಿಸಿದೆ. ಆ್ಯಪ್‌ನ ಒಳಗೆ ಇಳಿಸಿಕೊಂಡ ಹಾಡು ಆ ಆ್ಯಪ್‌ನ ಹೊರಗೆ ನುಡಿಯದು. ಚಂದಾ ನಿಂತರೆ ಅಥವಾ ಸೇವೆಯೇ ನಿಂತರೆ ಹಾಡೂ ನಿಲ್ಲುತ್ತದೆ. ರೆಸ್ಸೊ ಎಂಬ ಸೇವೆಯು ಭಾರತದಲ್ಲಿ 2024ರ ಜನವರಿ 31ರಂದು ಸ್ಥಗಿತಗೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಏರ್‌ಟೆಲ್ ಸಂಸ್ಥೆಯು ತನ್ನ ವಿಂಕ್ ಮ್ಯೂಸಿಕ್ ಸೇವೆಯನ್ನು ಮುಚ್ಚುವುದಾಗಿ ಪ್ರಕಟಿಸಿತು. ವರ್ಷಗಟ್ಟಲೆ ಆಯ್ದು ಜೋಡಿಸಿಟ್ಟ ಹಾಡುಗಳ ಸಂಗ್ರಹ ಇಂತಹ ಸಂದರ್ಭದಲ್ಲಿ ಬಳಕೆದಾರರ ಕೈಯಲ್ಲಿ ಉಳಿಯುವುದಿಲ್ಲ.

ಪೂರ್ತಿ ಬೆಲೆ ಕೊಟ್ಟು ಕೊಂಡವರೂ ಇಂತಹ ತೊಂದರೆಗೆ ಸಿಲುಕಿದ ಉದಾಹರಣೆ ಉಂಟು. ಮೈಕ್ರೋಸಾಫ್ಟ್ ಸಂಸ್ಥೆಯ ಎಂ.ಎಸ್.ಎನ್. ಮ್ಯೂಸಿಕ್ ಮಳಿಗೆಯು ಮಾರಿದ ಹಾಡುಗಳನ್ನು ಹೊಸ ಕಂಪ್ಯೂಟರಿಗೆ ವರ್ಗಾಯಿಸಬೇಕಾದರೆ ಕಂಪನಿಯ ಸರ್ವರ್‌ನಿಂದ ಅನುಮತಿ ಪಡೆಯಬೇಕಾಗಿತ್ತು. 2008ರ ಆಗಸ್ಟ್ 31ರ ನಂತರ ಆ ಸರ್ವರ್ ಇರುವುದಿಲ್ಲವೆಂದು ಕಂಪನಿ ತಿಳಿಸಿದಾಗ ಗ್ರಾಹಕರು ತೀವ್ರವಾಗಿ ಆಕ್ಷೇಪಿಸಿದರು. ಬಳಿಕ ಗಡುವನ್ನು 2011ರ ಅಂತ್ಯದವರೆಗೆ ಮುಂದೂಡಲಾಯಿತು. ಕೊಂಡ ವಸ್ತುವಿಗೆ ಗಡುವು ಇರುವುದಿಲ್ಲ. ಗಡುವು ಇದ್ದಲ್ಲಿ ಅದು ಖರೀದಿಯಲ್ಲ.

ಹಾಡಿಗೆ ಬೀಗ ಬಿದ್ದ ಬಗೆ

ಮನೆಯ ಯಂತ್ರದ ಮೇಲೆ ಮನರಂಜನಾ ಉದ್ಯಮವು ಹಿಡಿತ ಸಾಧಿಸಲು ಯತ್ನಿಸುವುದು ಡಿಜಿಟಲ್ ಯುಗಕ್ಕಿಂತ ಹಳೆಯದು. ಅಮೆರಿಕದ ಯೂನಿವರ್ಸಲ್ ಮತ್ತು ಡಿಸ್ನಿ ಚಿತ್ರಸಂಸ್ಥೆಗಳು ಸೋನಿ ಕಂಪನಿಯ ಬೀಟಾಮ್ಯಾಕ್ಸ್ ವಿಡಿಯೊ ಯಂತ್ರದ ವಿರುದ್ಧ 1976ರಲ್ಲಿ ದಾವೆ ಹೂಡಿದವು. ದೂರದರ್ಶನದ ಕಾರ್ಯಕ್ರಮವನ್ನು ಮನೆಯಲ್ಲಿ ಮುದ್ರಿಸಿಕೊಂಡು ಅನಂತರ ನೋಡುವುದು ಕೃತಿಸ್ವಾಮ್ಯದ ಉಲ್ಲಂಘನೆ ಎಂಬುದು ಅವುಗಳ ವಾದ. ಆ ದೇಶದ ಸುಪ್ರೀಂ ಕೋರ್ಟ್ 1984ರಲ್ಲಿ ಐದು–ನಾಲ್ಕರ ಬಹುಮತದಿಂದ ಆ ವಾದವನ್ನು ತಳ್ಳಿಹಾಕಿತು. ಯಾವ ಯಂತ್ರವನ್ನು ತಡೆಯಲು ಉದ್ಯಮವು ಎಂಟು ವರ್ಷ ಹೋರಾಡಿತೋ ಅದೇ ಯಂತ್ರದಲ್ಲಿ ಓಡುವ ಕ್ಯಾಸೆಟ್‌ಗಳು ಮುಂದೆ ಅದರ ದೊಡ್ಡ ಆದಾಯದ ಬಾಬ್ತಾದವು.

ಆದರೆ ಡಿಜಿಟಲ್ ಪ್ರತಿಯಲ್ಲಿ ಹೊಸ ಅಂಶವೊಂದಿತ್ತು: ನೂರನೆಯ ಪ್ರತಿಯೂ ಮೊದಲ ಪ್ರತಿಯಷ್ಟೇ ಸ್ವಚ್ಛ. 1999ರಲ್ಲಿ ಬಂದ ನ್ಯಾಪ್‌ಸ್ಟರ್ ಮೂಲಕ ಜನ ಇಡೀ ಸಂಗ್ರಹಗಳನ್ನೇ ಪರಸ್ಪರ ಹಂಚಿಕೊಳ್ಳತೊಡಗಿದರು. ನ್ಯಾಯಾಲಯದ ಆದೇಶದ ಪರಿಣಾಮವಾಗಿ 2001ರಲ್ಲಿ ಅದು ಮುಚ್ಚಿತು. ಉದ್ಯಮದ ಭಯ ಆಧಾರರಹಿತವಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಅದಕ್ಕೆ ಕಂಡುಕೊಂಡ ಪರಿಹಾರವೇ ಬೀಗ, ಅಂದರೆ ಹಾಡು ಯಾವ ಯಂತ್ರದಲ್ಲಿ, ಎಷ್ಟು ಬಾರಿ, ಯಾರ ಹೆಸರಿನಲ್ಲಿ ನುಡಿಯಬೇಕೆಂಬುದನ್ನು ನಿರ್ಧರಿಸುವ ತಂತ್ರಾಂಶ. 2003ರಲ್ಲಿ ಆರಂಭವಾದ ಆ್ಯಪಲ್ ಸಂಸ್ಥೆಯ ಮಳಿಗೆಯಲ್ಲಿ 99 ಸೆಂಟ್‌ಗೆ ಮಾರಾಟವಾದ ಹಾಡಿಗೂ ಇಂತಹ ಬೀಗವಿತ್ತು. 2005ರಲ್ಲಿ ಸೋನಿ ಬಿ.ಎಂ.ಜಿ. ಸಂಸ್ಥೆಯ ಕೆಲವು ಸಿ.ಡಿ.ಗಳು ಗ್ರಾಹಕರ ಕಂಪ್ಯೂಟರಿನೊಳಗೆ ತಮ್ಮನ್ನು ಮರೆಮಾಚಿಕೊಳ್ಳುವ ತಂತ್ರಾಂಶವನ್ನು ಸೇರಿಸುತ್ತಿರುವುದು ಬಯಲಾಯಿತು. ಅದರಿಂದ ಕಂಪ್ಯೂಟರಿನ ಭದ್ರತೆಯೇ ದುರ್ಬಲಗೊಂಡ ಕಾರಣ ಸಿ.ಡಿ.ಗಳನ್ನು ಹಿಂಪಡೆಯಬೇಕಾಯಿತು. ಮನೆಯ ಬಳಕೆದಾರರ ಪರವಾಗಿ ಅಂದು ಸುಪ್ರೀಂ ಕೋರ್ಟಿನವರೆಗೆ ಹೋದ ಕಂಪನಿಯ ಹೆಸರೇ ಇಲ್ಲಿಯೂ ಇರುವುದನ್ನು ಓದುಗರು ಗಮನಿಸಿರಬಹುದು. 2007ರಲ್ಲಿ ಇ.ಎಂ.ಐ. ಸಂಸ್ಥೆಯು ಬೀಗವಿಲ್ಲದ ಹಾಡುಗಳ ಮಾರಾಟಕ್ಕೆ ಒಪ್ಪಿತು. 2009ರಲ್ಲಿ ಆ್ಯಪಲ್ ಮಳಿಗೆಯ ಹಾಡುಗಳೆಲ್ಲ ಬೀಗಮುಕ್ತವಾದವು. ಆದರೆ ಅಷ್ಟರಲ್ಲಿ ಕೊಳ್ಳುವ ಪದ್ಧತಿಯೇ ಕ್ಷೀಣಿಸತೊಡಗಿ ಚಂದಾ ಪದ್ಧತಿ ಬೆಳೆಯಿತು, ಬೀಗವು ಆ ದಾರಿಯಿಂದ ಮರಳಿ ಬಂದಿತು.

ನಮ್ಮ ದೇಶದ ಕಾನೂನಿನಲ್ಲಿ ಮನೆಯ ಸ್ಥಾನ

ಭಾರತದಲ್ಲಿ ಕೃತಿಸ್ವಾಮ್ಯ ಅಧಿನಿಯಮ, 1957 ಜಾರಿಯಲ್ಲಿದೆ. 2012ರ ಜೂನ್ 21ರಿಂದ ಜಾರಿಗೆ ಬಂದ ತಿದ್ದುಪಡಿಯು ಮನೆಬಳಕೆಯ ದೃಷ್ಟಿಯಿಂದ ಅತ್ಯಂತ ಮುಖ್ಯವಾದುದು. 52ನೇ ಪ್ರಕರಣದ ಮೇರೆಗೆ ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ಮಾಡುವ ನ್ಯಾಯೋಚಿತ ಬಳಕೆಯು ಉಲ್ಲಂಘನೆಯಾಗುವುದಿಲ್ಲ. 2012ಕ್ಕೆ ಮುಂಚೆ ಈ ರಕ್ಷಣೆ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗೆ ಸೀಮಿತವಾಗಿದ್ದು, ಧ್ವನಿಮುದ್ರಿಕೆಯೂ ಚಲನಚಿತ್ರವೂ ಅದರಲ್ಲಿ ಸೇರಿರಲಿಲ್ಲ. ತಿದ್ದುಪಡಿಯ ನಂತರ ಕಂಪ್ಯೂಟರ್ ಪ್ರೋಗ್ರಾಂ ಹೊರತುಪಡಿಸಿ ಎಲ್ಲ ಕೃತಿಗಳಿಗೂ ಅದು ಅನ್ವಯಿಸುತ್ತದೆ. ಆದುದರಿಂದ ತಮ್ಮಲ್ಲಿರುವ ಹಳೆಯ ಕ್ಯಾಸೆಟ್ ಅಥವಾ ಸಿ.ಡಿ.ಯನ್ನು ತಮ್ಮದೇ ಕಂಪ್ಯೂಟರಿಗೆ, ಮೊಬೈಲಿಗೆ ವರ್ಗಾಯಿಸಿ ಮನೆಮಂದಿ ಕೇಳುವುದಕ್ಕೆ ಈ ಉಪಬಂಧದಲ್ಲಿ ಗಟ್ಟಿಯಾದ ಆಧಾರವಿದೆ. ಬ್ರಿಟನ್ನಿನಲ್ಲಿ ಇಂತಹದೇ ವಿನಾಯಿತಿಯನ್ನು 2014ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದು, ಸಂಗೀತ ಕ್ಷೇತ್ರದ ಸಂಘಟನೆಗಳು ಪ್ರಶ್ನಿಸಿದ ಮೇಲೆ 2015ರ ಜುಲೈನಲ್ಲಿ ಅಲ್ಲಿನ ಹೈಕೋರ್ಟ್ ರದ್ದುಪಡಿಸಿತು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಬೀಗ ಮುರಿಯುವುದರ ವಿಷಯವೇನು? ಅದೇ ತಿದ್ದುಪಡಿಯು ಸೇರಿಸಿದ 65ಎ ಪ್ರಕರಣದ ಮೇರೆಗೆ ಇದು ಎರಡು ವರ್ಷಗಳವರೆಗಿನ ಕಾರಾಗೃಹವಾಸ ಮತ್ತು ಜುಲ್ಮಾನೆಗೆ ಗುರಿಯಾಗುವ ಅಪರಾಧ. ಆದರೆ "ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ" ಮಾಡಿರಬೇಕು ಎಂಬುದು ಷರತ್ತು. ಅಧಿನಿಯಮವು ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕಾಗಿ ಬೀಗ ತೆಗೆದರೆ ಈ ಪ್ರಕರಣ ಅಡ್ಡಬಾರದು. 1998ರ ಅಮೆರಿಕದ ಕಾನೂನು ಇಷ್ಟು ಉದಾರವಾಗಿಲ್ಲ. ಅಲ್ಲಿ ಬೀಗ ಮುರಿಯುವುದೇ ಬಹುಮಟ್ಟಿಗೆ ತಪ್ಪು. ಇಷ್ಟಾದರೂ ಎರಡು ಮಾತು ನೆನಪಿಡತಕ್ಕದ್ದು. ಆ್ಯಪ್‌ಗೆ ಸೇರುವಾಗ "ಒಪ್ಪಿದ್ದೇನೆ" ಎಂದು ಒತ್ತಿದ ಕರಾರು ಬೇರೆಯೇ ಇರುತ್ತದೆ. ಅದನ್ನು ಮುರಿದರೆ ಸೇವೆ ಕಡಿತವಾಗಬಹುದು. ಅಲ್ಲದೆ ಮನೆಬಳಕೆಯ ಪ್ರತಿಯನ್ನು ಅಂತರ್ಜಾಲಕ್ಕೆ ಏರಿಸಿದ ಕ್ಷಣವೇ ಅದು ಮನೆಬಳಕೆಯಾಗಿ ಉಳಿಯುವುದಿಲ್ಲ.

ಮೊಬೈಲ್ ಮತ್ತು ಮೆಮೊರಿ ಕಾರ್ಡ್ ಅಂಗಡಿಗಳು

ನಮ್ಮ ಪಟ್ಟಣಗಳ ಬಸ್ ನಿಲ್ದಾಣದ ಸುತ್ತಮುತ್ತ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಅಂಗಡಿಗಳನ್ನು ನೋಡದವರಿಲ್ಲ. ಅಂಗಡಿಯವರು ಹೆಚ್ಚಿನವರು ಅದನ್ನು ರೀಚಾರ್ಜಿನಂತಹ ಒಂದು ಸಣ್ಣ ಸೇವೆಯೆಂದೇ ತಿಳಿದಿರುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಲಾಭಕ್ಕಾಗಿ ಮಾಡುವ ಪ್ರತಿ ತಯಾರಿಕೆ. 63ನೇ ಪ್ರಕರಣದ ಮೇರೆಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾಗೃಹವಾಸ ಮತ್ತು ರೂ. 50,000ದಿಂದ ರೂ. 2 ಲಕ್ಷದವರೆಗೆ ಜುಲ್ಮಾನೆ ವಿಧಿಸಬಹುದು. ಈ ಅಪರಾಧವು ಸಂಜ್ಞೇಯ ಹಾಗೂ ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪು ನೀಡಿದೆ. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಯು ವಾರಂಟ್ ಇಲ್ಲದೆ ಪ್ರತಿಗಳನ್ನೂ ಅವುಗಳ ತಯಾರಿಕೆಗೆ ಬಳಸಿದ ಸಾಧನಗಳನ್ನೂ ವಶಪಡಿಸಿಕೊಳ್ಳಬಹುದು. ಎಂದರೆ ಜೀವನೋಪಾಯದ ಕಂಪ್ಯೂಟರ್ ಮೊದಲ ದಿನವೇ ಹೋಗುತ್ತದೆ.

ಕರ್ನಾಟಕದಲ್ಲಿ ಇದಕ್ಕಿಂತ ಕಠಿಣವಾದ ಉಪಬಂಧವೂ ಇದೆ. ಜನರು ಗೂಂಡಾ ಕಾಯಿದೆ ಎಂದು ಕರೆಯುವ 1985ರ ರಾಜ್ಯ ಅಧಿನಿಯಮದ ವ್ಯಾಪ್ತಿಯಲ್ಲಿ ವಿಡಿಯೊ ಅಥವಾ ಆಡಿಯೊ ಚೌರ್ಯ ನಡೆಸುವವರೂ ಇದ್ದಾರೆ. 2014ರ ತಿದ್ದುಪಡಿಯು ಡಿಜಿಟಲ್ ಅಪರಾಧಿಗಳನ್ನೂ ಸೇರಿಸಿತು. ಈ ಅಧಿನಿಯಮವು ವಿಚಾರಣೆಗೆ ಮುನ್ನವೇ ಮುನ್ನೆಚ್ಚರಿಕೆಯ ಬಂಧನಕ್ಕೆ ಅವಕಾಶ ನೀಡುತ್ತದೆ. ಸಣ್ಣ ಅಂಗಡಿಯವನನ್ನೂ ಸಂಘಟಿತ ಜಾಲವನ್ನೂ ಒಂದೇ ಕಾನೂನಿನಡಿ ತರುವುದು ಎಷ್ಟು ಉಚಿತವೆಂಬ ಚರ್ಚೆಗೆ ಅವಕಾಶವಿದೆ. ಆದರೆ ಕಾನೂನು ಇರುವುದು ಹೀಗೆ.

ಗ್ರಾಹಕರ ಸ್ವಂತ ಸಿ.ಡಿ.ಯ ಬೀಗ ತೆಗೆಯಲು ಅವರ ಖಾಸಗಿ ಬಳಕೆಗಾಗಿ ನೆರವಾಗುವ ಅಂಗಡಿಯವರು, ಆ ಗ್ರಾಹಕರ ಹೆಸರು, ವಿಳಾಸ, ಗುರುತಿನ ವಿವರ ಮತ್ತು ಉದ್ದೇಶವನ್ನು ದಾಖಲಿಸಿಡಬೇಕೆಂದು 65ಎ ಪ್ರಕರಣದ ಪರಂತುಕವು ಹೇಳುತ್ತದೆ. ಇದಕ್ಕೆ ಒಂದು ಪುಸ್ತಕವನ್ನು ಇಡುವುದು ಒಳಿತು.

ಮದುವೆ, ಉತ್ಸವ ಮತ್ತು ಲೈಸೆನ್ಸ್ ಶುಲ್ಕ

ನೈಜ ಧಾರ್ಮಿಕ ಸಮಾರಂಭದಲ್ಲಿ ಹಾಗೂ ಸರ್ಕಾರ ಅಥವಾ ಸ್ಥಳೀಯ ಪ್ರಾಧಿಕಾರದ ಅಧಿಕೃತ ಸಮಾರಂಭದಲ್ಲಿ ಸಂಗೀತ ಅಥವಾ ಧ್ವನಿಮುದ್ರಿಕೆಯನ್ನು ನುಡಿಸುವುದಕ್ಕೆ 52ನೇ ಪ್ರಕರಣವು ವಿನಾಯಿತಿ ನೀಡಿದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಧಾರ್ಮಿಕ ಸಮಾರಂಭದಲ್ಲಿ ಸೇರುತ್ತವೆ ಎಂದು ಅಲ್ಲಿನ ವಿವರಣೆಯೇ ಹೇಳುತ್ತದೆ. ಈ ಉಪಬಂಧಕ್ಕೆ ವಿರುದ್ಧವಾಗಿ ವರ್ತಿಸಬಾರದೆಂದು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯು 2023ರ ಜುಲೈ 24ರ ಸಾರ್ವಜನಿಕ ಪ್ರಕಟಣೆಯಲ್ಲಿ ಕೃತಿಸ್ವಾಮ್ಯ ಸಂಘಗಳಿಗೆ ಸೂಚಿಸಿತು.

ಹೀಗಿದ್ದೂ "ಲೈಸೆನ್ಸ್ ಬೇಕಿಲ್ಲವೆಂದು ಕಚೇರಿಯಿಂದ ಒಂದು ಪತ್ರ ಕೊಡಿ" ಎಂಬ ಕೋರಿಕೆಯನ್ನು ಮನ್ನಿಸಲಾಗುವುದಿಲ್ಲ. ಇದು ಅಧಿಕಾರಿಗಳ ಹಟವಲ್ಲ. ಮದುವೆ ಸಮಾರಂಭಗಳ ಸಂಗೀತಕ್ಕೆ ಅನುಮತಿಗಾಗಿ ಒತ್ತಾಯಿಸಬಾರದೆಂದು ಗೋವಾ ಸರ್ಕಾರವು 2024ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತ್ತು. ಬಾಂಬೆ ಹೈಕೋರ್ಟಿನ ಗೋವಾ ಪೀಠವು ಅದೇ ವರ್ಷದ ಆಗಸ್ಟ್‌ನಲ್ಲಿ ಅದನ್ನು ರದ್ದುಪಡಿಸಿತು. ವಿನಾಯಿತಿ ನೀಡಿರುವುದು ಕಾನೂನೇ ಹೊರತು ಸುತ್ತೋಲೆಯಲ್ಲ. ಯಾವ ಕಾರ್ಯಕ್ರಮ ಅದರೊಳಗೆ ಬರುತ್ತದೆ ಎಂಬುದನ್ನು ಅಂತಿಮವಾಗಿ ನಿರ್ಣಯಿಸುವುದು ನ್ಯಾಯಾಲಯ. ಮುಹೂರ್ತ, ದಿಬ್ಬಣ, ಆರತಕ್ಷತೆಗಳ ಬಗ್ಗೆ ನಾಗರಿಕರು ಧೈರ್ಯದಿಂದ ಈ ಉಪಬಂಧವನ್ನು ಉಲ್ಲೇಖಿಸಬಹುದು. ಉತ್ಸವದ ಹೆಸರಿನಲ್ಲಿ ಟಿಕೆಟ್ ಇಟ್ಟು ನಡೆಸುವ ಚಿತ್ರಗೀತೆಗಳ ಆರ್ಕೆಸ್ಟ್ರಾ ಇದರಡಿ ಬರುವುದೆಂದು ಭಾವಿಸತಕ್ಕದ್ದಲ್ಲ. ಧ್ವನಿವರ್ಧಕಕ್ಕೆ ಪೊಲೀಸರು ನೀಡುವ ಅನುಮತಿಯು ಶಬ್ದಕ್ಕೆ ಸಂಬಂಧಿಸಿದ್ದು, ಹಾಡಿನ ಹಕ್ಕಿಗಲ್ಲ.

ಶುಲ್ಕ ಕೇಳಿ ಬಂದವರಿದ್ದರೆ ಯಾವ ಸಂಸ್ಥೆಯ ಪರವಾಗಿ, ಯಾವ ಹಾಡುಗಳಿಗೆ, ಯಾವ ದರಪಟ್ಟಿಯಂತೆ ಎಂಬುದನ್ನು ಲಿಖಿತವಾಗಿ ಕೇಳಿ, ರಸೀದಿ ಇಲ್ಲದೆ ಹಣ ಪಾವತಿಸಬೇಡಿ. ಸಾಹಿತ್ಯ ಮತ್ತು ಸಂಗೀತ ರಚನೆಗೆ ಐಪಿಆರ್‌ಎಸ್ 2017ರಲ್ಲಿ, ಧ್ವನಿಮುದ್ರಿಕೆಗೆ ಆರ್‌ಎಂಪಿಎಲ್ 2021ರಲ್ಲಿ ಕೃತಿಸ್ವಾಮ್ಯ ಸಂಘಗಳಾಗಿ ನೋಂದಣಿ ಪಡೆದವು. ನೋಂದಣಿಯಿಲ್ಲದ ಸಂಸ್ಥೆಯು ತನ್ನ ಒಡೆತನದ ಹಾಡುಗಳಿಗೆ ಲೈಸೆನ್ಸ್ ನೀಡಬಹುದೇ ಎಂಬ ಬಗ್ಗೆ ಬಾಂಬೆ ಹೈಕೋರ್ಟ್ 2024ರಲ್ಲಿ ಒಂದು ನಿಲುವನ್ನೂ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2025ರಲ್ಲಿ ಭಿನ್ನ ನಿಲುವನ್ನೂ ತಳೆದಿವೆ. ವಸತಿ ಸಮುಚ್ಚಯದ ನಿವಾಸಿಗಳ ಸಾಮಾನ್ಯ ಬಳಕೆಗೆಂದೇ ಇರುವ ಸಭಾಂಗಣದಲ್ಲಿ ಧ್ವನಿಮುದ್ರಿಕೆ ಕೇಳಿಸುವುದಕ್ಕೆ ಪ್ರತ್ಯೇಕ ವಿನಾಯಿತಿಯಿದೆ. ಹೋಟೆಲುಗಳಿಗೆ ಅದು ಇಲ್ಲ.

ಹಳೆಯ ಹಾಡು, ಹೊಸ ನೋಂದಣಿ

ಧ್ವನಿಮುದ್ರಿಕೆಯ ಕೃತಿಸ್ವಾಮ್ಯವು ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1960ರಲ್ಲಿ ಹೊರಬಂದ ತಟ್ಟೆಯ ಅವಧಿ 2020ರ ಡಿಸೆಂಬರ್‌ನೊಂದಿಗೆ ಮುಗಿಯಿತು. ಆದರೆ ಸಾಹಿತ್ಯ ಹಾಗೂ ರಾಗಸಂಯೋಜನೆಯ ಹಕ್ಕು ಬೇರೆ. ಅದು ರಚನಕಾರರು ನಿಧನರಾದ ನಂತರದ 60 ವರ್ಷಗಳವರೆಗೆ ಇರುತ್ತದೆ. ಪುರಂದರದಾಸರ ಕೀರ್ತನೆಗೆ ಕೃತಿಸ್ವಾಮ್ಯವಿಲ್ಲ. ಕಳೆದ ವರ್ಷ ಒಂದು ಕಂಪನಿ ಅದನ್ನು ಮುದ್ರಿಸಿದ್ದರೆ ಆ ಮುದ್ರಿಕೆಗೆ ಇದೆ. ಮನೆಯ ಮಕ್ಕಳು ಹಾಡಿದ ದೇವರನಾಮವನ್ನು ಅಂತರ್ಜಾಲಕ್ಕೆ ಏರಿಸಿದಾಗ ಅಲ್ಲಿನ ಸ್ವಯಂಚಾಲಿತ ವ್ಯವಸ್ಥೆಯು ಅದನ್ನು ಯಾವುದೋ ಕಂಪನಿಯದೆಂದು ತಪ್ಪಾಗಿ ಗುರುತಿಸುವ ಸಾಧ್ಯತೆಯುಂಟು. ಆಗ ಸುಮ್ಮನಾಗದೆ ಆ ತಾಣದಲ್ಲಿಯೇ ಆಕ್ಷೇಪಣೆ ದಾಖಲಿಸಬೇಕು.

ಸ್ವಂತ ಹಾಡುಗಳನ್ನು ಮುದ್ರಿಸುವ ಜನಪದ ಕಲಾವಿದರು ಮತ್ತು ಭಜನಾ ಮಂಡಳಿಗಳು ನವದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನ್ ಮೂಲಕ ನೋಂದಣಿಗೆ ಅರ್ಜಿ ಸಲ್ಲಿಸಬಹುದು. ನೋಂದಣಿ ಕಡ್ಡಾಯವಲ್ಲ, ಹಕ್ಕು ಕೃತಿ ರಚನೆಯೊಂದಿಗೇ ಹುಟ್ಟುತ್ತದೆ, ನೋಂದಣಿಯು ಮೇಲ್ನೋಟದ ಸಾಕ್ಷ್ಯವಾಗುತ್ತದೆ. 2013ರ ನಿಯಮಗಳ ಪ್ರಕಾರ ಶುಲ್ಕವು ಸಂಗೀತ ರಚನೆಗೆ ರೂ. 500, ಧ್ವನಿಮುದ್ರಿಕೆಗೆ ರೂ. 2,000 ಇದ್ದು, ಪ್ರತಿ ಕೃತಿಗೂ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿ ಸಲ್ಲಿಸಿದ ಬಳಿಕ ಆಕ್ಷೇಪಣೆಗಳಿಗಾಗಿ 30 ದಿನಗಳ ಕಾಲಾವಕಾಶವಿರುತ್ತದೆ. ರಾಜ್ಯ ಸರ್ಕಾರದ ಕಚೇರಿಗಳಲ್ಲಿ ಈ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.