ಹಾದಿಯೆಂಬ ಸಂಪತ್ತು

ಊರಿನಿಂದ ಊರಿಗೆ ಬೇಗನೆ ತಲುಪಿಸುವುದಷ್ಟೇ ಹಾದಿಯ ಕೆಲಸವೆಂದು ಅನೇಕರು ಭಾವಿಸುವುದುಂಟು. ಆದರೆ ಕೆಲವು ಹಾದಿಗಳು ನಾಡಿನ ಚರಿತ್ರೆಯನ್ನೂ ಚೆಲುವನ್ನೂ ತಮ್ಮ ಇಕ್ಕೆಲಗಳಲ್ಲಿ ಉಳಿಸಿಕೊಂಡು ಬಂದಿರುತ್ತವೆ. ಅಂತಹ ಹಾದಿಗಳಿಗೆ ರಾಷ್ಟ್ರೀಯ ಮನ್ನಣೆ ನೀಡುವ ಕಾರ್ಯಕ್ರಮವೊಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1991ರಲ್ಲಿ ಆರಂಭವಾಯಿತು. ದೃಶ್ಯಸೌಂದರ್ಯ, ನಿಸರ್ಗ, ಇತಿಹಾಸ, ಸಂಸ್ಕೃತಿ, ಪ್ರಾಚೀನ ಅವಶೇಷ, ವಿಹಾರ ಎಂಬ ಆರು ಗುಣಗಳಲ್ಲಿ ಒಂದಾದರೂ ಹಾದಿಗೆ ಇರಬೇಕು; ಅದನ್ನು ಕಾಪಾಡುವ ಯೋಜನೆಯೂ ಸಿದ್ಧವಾಗಿರಬೇಕು.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಮಾರ್ಗವನ್ನು ಈ ಅಳತೆಗೋಲಿನಿಂದ ನೋಡಬಹುದು. ಅದು ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ನದಿಯನ್ನು ದಾಟುತ್ತದೆ. ಮುಂದೆ ಸಿಗುವ ಪಿರಿಯಾಪಟ್ಟಣ ಒಂದು ಕಾಲದಲ್ಲಿ ಚೆಂಗಾಳ್ವರ ರಾಜಧಾನಿಯಾಗಿತ್ತು. ಅಲ್ಲಿಂದ ಉತ್ತರಕ್ಕೆ ಹೊರಟರೆ ಬೆಟ್ಟದಪುರ. ಬಯಲ ನಡುವೆ ಎದ್ದುನಿಂತ ಬೆಟ್ಟದ ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿ. ಭಕ್ತರು ಸಾವಿರಾರು ಮೆಟ್ಟಿಲುಗಳನ್ನೇರಿ ಅಲ್ಲಿಗೆ ಹೋಗುತ್ತಾರೆ. ಹೆದ್ದಾರಿಯಲ್ಲಿಯೇ ಮುಂದುವರಿದರೆ ಬೈಲಕುಪ್ಪೆಯ ಟಿಬೆಟಿಯನ್ನರ ನೆಲೆ, ಬಳಿಕ ಕಾವೇರಿ.

ರೋಗಿಗೂ ರೈತನಿಗೂ ಒಳ್ಳೆಯ ರಸ್ತೆ ಬೇಕೇ ಬೇಕು. ಆದರೆ ರಸ್ತೆಯನ್ನು ಅಗಲಗೊಳಿಸುವಾಗ ಮೊದಲು ಕೊಡಲಿಗೆ ಗುರಿಯಾಗುವುವು ಸಾಲುಮರಗಳು; ಆಮೇಲೆ ಜಾಹೀರಾತು ಫಲಕಗಳು ಬೆಟ್ಟವನ್ನು ಮರೆಮಾಡುತ್ತವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ಅನುಮತಿ ಬೇಕು. ಅನುಮತಿ ದೊರೆತರೆ ಮರ ಉರುಳುತ್ತದೆ. ಕಾನೂನು ನೋಡುವುದು ಮರವನ್ನು. ಮರ, ಕೆರೆ, ಗುಡಿ, ಬೆಟ್ಟಗಳೆಲ್ಲ ಕೂಡಿದ ಹಾದಿಯನ್ನಲ್ಲ. ಇಡೀ ಹಾದಿಗೆ ಮನ್ನಣೆ ದೊರೆತರೆ, ಏನನ್ನು ಉಳಿಸಬೇಕೆಂಬುದು ಕೊಡಲಿ ಬೀಳುವ ಮೊದಲೇ ನಿಶ್ಚಯವಾಗುತ್ತದೆ. ಅದನ್ನು ಕೇಳಬೇಕಾದವರು ಹಾದಿಯ ಬದಿಯ ಊರವರು. ದೊರೆತ ಮೇಲೆ ಕಾಯಬೇಕಾದವರೂ ಅವರೇ.